ದೋಷ ಕಂಡುಬಂದಿಲ್ಲ

ಪ್ಲಾಸ್ಟಿಕ್ ಟ್ರೇಯಲ್ಲಿ ಏಳು ವಸ್ತುಗಳಿದ್ದವು: ಬೆಳ್ಳಿಯ ಉಡಿದಾರ, ಎರಡು ತಾಮ್ರದ ತಾಯತ, ಮುಳ್ಳು ಕೀಳುವ ಚಿಮಟ, ಕೊಂಬಿನ ಹಿಡಿಯ ಸಣ್ಣ ಚಾಕು, ಕಿವಿಯ ಎರಡು ಬಂಗಾರದ ಒಂಟಿ. ಎಂಟನೆಯದು ಭಂಡಾರದ ಬಟ್ಟೆಚೀಲ. ಅದರಲ್ಲಿ ಲೋಹವೇನೂ ಇಲ್ಲ, ದೇವರ ಅರಿಸಿನದ ಪುಡಿ ಅಷ್ಟೇ ಎಂದು ಖಚಿತ ಮಾಡಿಕೊಂಡ ಮೇಲೆ ತಂತ್ರಜ್ಞರು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಲು ಬಿಟ್ಟರು. ಐವತ್ತು ನಿಮಿಷದ ನಂತರ ಮಾಳಪ್ಪ ಎಂ.ಆರ್.ಐ. ಯಂತ್ರದಿಂದ ಹೊರಬಂದಾಗ ಚೀಲ ಬೆವರಿನಲ್ಲಿ ತೊಯ್ದು, ಅಂಗೈ ಮಣಿಕಟ್ಟಿನವರೆಗೆ ಹಳದಿಯಾಗಿತ್ತು. ನಾನು ಅದನ್ನು ನೋಡಿದೆ. ಬರೆದುಕೊಳ್ಳಲಿಲ್ಲ. ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹೋದ ತಿಂಗಳು ಕುತ್ತಿಗೆ ನೋವಿಗೆಂದು ನಾನೇ ಅಂಥದೊಂದು ಯಂತ್ರದೊಳಗೆ ಮಲಗಬೇಕಾಯಿತು. ನರ್ಸ್ ಟ್ರೇ ಹಿಡಿದಳು. ಓಲೆ, ವಾಚು, ಕೂದಲಿನ ಎರಡು ಪಿನ್ನು ಹಾಕಿದೆ. ಒಳಗೆ ಹೋದ ಮೇಲೆ ಆ ಬಡಿತ ಶುರುವಾಯಿತು. ಆ ಶಬ್ದವನ್ನು ಎಷ್ಟೋ ಭಾನುವಾರ ಗಾಜಿನ ಈಚೆಯಿಂದ ಕೇಳಿದವಳು ನಾನು. ಒಳಗಿನಿಂದ ಕೇಳಿದ್ದು ಅದೇ ಮೊದಲು. ಕಣ್ಣು ಮುಚ್ಚಿದಾಗ ಆ ಟ್ರೇ ಕಂಡಿತು, ಆಮೇಲೆ ಆ ಕಬ್ಬಿನ ಹಂಗಾಮು ಪೂರ್ತಿ.

ಹತ್ತು ವರ್ಷದ ಮೇಲಾಯಿತು. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದ ನನಗೆ ಒಂದು ಅಧ್ಯಯನದಲ್ಲಿ ಆರು ತಿಂಗಳ ಕೆಲಸ ಸಿಕ್ಕಿತ್ತು. ಅದನ್ನು ನಡೆಸುತ್ತಿದ್ದವರು ನಗರದ ಒಬ್ಬ ಮನೋವೈದ್ಯೆ. ನಾವು ಮೇಡಂ ಎನ್ನುತ್ತಿದ್ದೆವು. ರಸ್ತೆ ಅಪಘಾತದಲ್ಲಿ ಬದುಕಿ ಉಳಿದವರಲ್ಲಿ ಕೆಲವರಿಗೆ ವರ್ಷ ಕಳೆದರೂ ಅಪಘಾತ ಮುಗಿಯುವುದಿಲ್ಲ. ಕನಸಿನಲ್ಲಿ ಬರುತ್ತದೆ, ಹಾರ್ನಿನ ಸದ್ದಿಗೆ ಮೈ ಎಗರುತ್ತದೆ, ಆ ರಸ್ತೆಯ ಕಡೆ ಕಾಲು ಹೋಗುವುದಿಲ್ಲ. ಅಂಥದೇ ಪೆಟ್ಟು ತಿಂದ ಇನ್ನು ಕೆಲವರು ಚೇತರಿಸಿಕೊಂಡು ಮೊದಲಿನಂತೆ ಇರುತ್ತಾರೆ. ಈ ಎರಡು ಗುಂಪಿನವರ ಮಿದುಳಿನ ಚಿತ್ರ ತೆಗೆದು, ಭಯವನ್ನು ಗುರುತಿಸುವ ಬಾದಾಮಿ ಗಾತ್ರದ ಒಂದು ಭಾಗ ಎರಡರಲ್ಲೂ ಒಂದೇ ಥರ ಕೆಲಸ ಮಾಡುತ್ತದೆಯೇ ಎಂದು ಹೋಲಿಸಿ ನೋಡುವುದು ಅಧ್ಯಯನದ ಉದ್ದೇಶ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಜನರನ್ನು ಹುಡುಕುವುದು, ಇಪ್ಪತ್ತು ಪ್ರಶ್ನೆ ಕೇಳುವುದು, ಉತ್ತರಕ್ಕೆ ಅಂಕ ಕೊಟ್ಟು ಯಾವ ಗುಂಪು ಎಂದು ಬರೆಯುವುದು, ಭಾನುವಾರ ಅವರನ್ನು ಜೀಪಿನಲ್ಲಿ ಸ್ಕ್ಯಾನ್ ಕೇಂದ್ರಕ್ಕೆ ಕರೆತರುವುದು ನನ್ನ ಕೆಲಸ. ಉಳಿದ ದಿನಗಳಲ್ಲಿ ಯಂತ್ರ ರೋಗಿಗಳದು.

ಜನ ಸಿಗುವುದು ಕಷ್ಟವಿರಲಿಲ್ಲ. ಅಲ್ಲಿ ದೀಪಾವಳಿಯ ಹೊತ್ತಿಗೆ ಕಬ್ಬು ನುರಿಸುವುದು ಶುರುವಾದರೆ ಶಿವರಾತ್ರಿ ದಾಟಿದರೂ ಮುಗಿಯುವುದಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರಲ್ಲೂ ಅಂಚು ಮೀರಿ ಕಬ್ಬು, ಹಿಂದೆ ದೀಪವಿಲ್ಲ. ಟೈರು ಹೋದರೆ ರಸ್ತೆಯ ಮೇಲೇ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟು ಹೋಗುತ್ತಾರೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹತ್ತು ನಿಮಿಷ ಕುಳಿತರೆ ಎರಡು ಹೆಸರು ಸಿಗುತ್ತಿದ್ದವು. ಕಷ್ಟವಿದ್ದದ್ದು ಮೂಳೆಯ ವಿಷಯ. ಮೈಯಲ್ಲಿ ರಾಡು, ಪ್ಲೇಟು ಹಾಕಿಸಿಕೊಂಡವರನ್ನು ನಮ್ಮ ಅಧ್ಯಯನದಲ್ಲಿ ಸೇರಿಸಿಕೊಳ್ಳುವಂತಿರಲಿಲ್ಲ. ಹಾಗಾಗಿ ದೊಡ್ಡ ಆಸ್ಪತ್ರೆಗೆ ಹೋಗದೆ, ಊರಿನಲ್ಲಿ ಬಿದಿರುಪಟ್ಟಿ ಕಟ್ಟಿಸಿಕೊಂಡು ಮೂಳೆ ಕೂಡಿಸಿಕೊಂಡವರೇ ನನಗೆ ಬೇಕಾಗಿದ್ದರು.

ನಾನು ಬನಹಟ್ಟಿಯಲ್ಲಿ ಶಾಂತಕ್ಕನ ಮನೆಯ ಮಾಳಿಗೆಯ ಕೋಣೆಯಲ್ಲಿದ್ದೆ. ಕೆಳಗೆ ಅವರ ನಾಲ್ಕು ಪವರ್‌ಲೂಮ್. ನಸುಕಿನಿಂದ ಸಂಜೆಯವರೆಗೆ ನೆಲ ನಡುಗುತ್ತಿತ್ತು, ಸ್ಟೀಲಿನ ಲೋಟದಲ್ಲಿ ನೀರು ಗೆರೆ ಬಿಡುತ್ತಿತ್ತು. ಅರವತ್ತರ ಶಾಂತಕ್ಕ ನನ್ನ ಕೆಲಸ ಏನೆಂದು ಮೊದಲ ದಿನವೇ ಪೂರ್ತಿ ಕೇಳಿ ತಿಳಿದುಕೊಂಡು, ನಕ್ಕು ಹೇಳಿದ್ದರು: "ನಮ್ಮ ಬೀಗರ ತಲೀನೂ ಒಮ್ಮೆ ತಗಸ ಬೇ. ಒಳಗ ಏನರೆ ಐತೋ ಇಲ್ಲೋ ಅಂತ ನಮಗೂ ಬಾಳ ದಿವಸದ ಸಂಶೇ ಐತಿ."

ಮಾಳಪ್ಪನವರ ಹೆಸರು ಸಿಕ್ಕಿದ್ದು ಬೀಳಗಿಯ ಒಬ್ಬ ಕಂಪೌಂಡರನಿಂದ. ಅನಗವಾಡಿಯಿಂದ ಮೇಲಕ್ಕೆ, ಕಲ್ಲುಗುಡ್ಡದ ಬದಿಗೆ ಆರೇಳು ಮನೆಗಳ ವಸ್ತಿ. ಕುರಿ ಕಾಯುವವರು, ಬೀರೇಶ್ವರನ ಒಕ್ಕಲು, ಮನೆಯ ಮುಂದೆ ಮುಳ್ಳುಬೇಲಿಯ ಹಟ್ಟಿ, ಉಣ್ಣೆಯ ವಾಸನೆ, ಗೋಡೆಗೆ ಒಣಹಾಕಿದ ಕಂಬಳಿ. ಅಣ್ಣ ಬೀರಪ್ಪ ಮನೆಯ ಯಜಮಾನರು. ತಮ್ಮ ಮಾಳಪ್ಪನಿಗೆ ಮೂವತ್ತೈದರ ಆಸುಪಾಸು. ಅವರ ಹೆಂಡತಿ ಲಕ್ಕವ್ವ ನನ್ನ ವಯಸ್ಸಿನವಳು, ಸ್ವಂತ ಸೋದರಮಾವನ ಮಗಳು.

ನಡೆದದ್ದನ್ನು ಹೇಳಿದವರು ಬೀರಪ್ಪ. ಮೊದಲೆಲ್ಲ ಕುರಿಗಳು ಹೊಳೆಯ ದಂಡೆ ಹಿಡಿದೇ ಹೋಗುತ್ತಿದ್ದವಂತೆ. ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಆ ದಾರಿ ಮುಳುಗಿ, ಗುಡ್ಡದಿಂದ ಹೊಳೆಯ ಕಡೆಯ ಹೊಲಗಳಿಗೆ ಇಳಿಯಲು ಹೆದ್ದಾರಿ ದಾಟದೆ ಬೇರೆ ದಾರಿ ಉಳಿಯಲಿಲ್ಲ. ಹಿಂದಿನ ವರ್ಷದ ಹಂಗಾಮಿನಲ್ಲಿ ಒಂದು ಸಂಜೆ, ಇನ್ನೂ ಬೆಳಕಿರುವಾಗ, ಮಾಳಪ್ಪ ಮತ್ತು ಅವರ ಮಾವ, ಅಂದರೆ ಲಕ್ಕವ್ವನ ತಂದೆ, ಮಂದೆಯನ್ನು ದಾಟಿಸುತ್ತಿದ್ದರು. ತಿರುವಿನಲ್ಲಿ ಟೈರು ಹೋದ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿತ್ತು. ಅದನ್ನು ಕಡೇ ಗಳಿಗೆಯಲ್ಲಿ ಕಂಡ ಲಾರಿಯವನು ಬಲಕ್ಕೆ ಹೊರಳಿಸಿದ. ಬಲಕ್ಕೆ ಮಂದೆ ಇತ್ತು. ಮಾವ ಅಲ್ಲೇ ತೀರಿದರು, ಹತ್ತೊಂಬತ್ತು ಕುರಿ ಸತ್ತವು, ಹಿಂದಕ್ಕೆ ನುಗ್ಗಿದ ಮಂದೆಯಡಿ ಬಿದ್ದು ಮಾಳಪ್ಪನ ಕೊರಳೆಲುಬು ಮುರಿಯಿತು. ಬೀರಪ್ಪ ಇಷ್ಟನ್ನು ಹೇಳುವಾಗ ಮಾಳಪ್ಪ ಹಗ್ಗ ಹೊಸೆಯುತ್ತ ಕೂತಿದ್ದರು. ಕೈ ನಿಲ್ಲಲಿಲ್ಲ.

ನಾನು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಅಪಘಾತ ನೆನಪಾದರೆ ಅಂಜಿಕೆಯಾಗುತ್ತದೆಯೇ? "ನನಗ್ಯಾತರ ಅಂಜಿಕಿರಿ. ಕುರಿ ಅಂಜತಾವು," ಎಂದರು. ಹಾರ್ನಿನ ಸದ್ದಿಗೆ? ಕುರಿ ಬೆಚ್ಚುತ್ತವೆ, ಮರಿಗಳಂತೂ ಹಾಲು ಬಿಟ್ಟು ಓಡುತ್ತವೆ. ಆ ಜಾಗಕ್ಕೆ ಹೋಗುವುದನ್ನು ತಪ್ಪಿಸುತ್ತೀರಾ? ತಾವೇಕೆ ತಪ್ಪಿಸಬೇಕು, ಕುರಿ ಒಲ್ಲೆ ಅನ್ನುತ್ತವೆ, ರಸ್ತೆ ಹತ್ತಿರ ಬಂದರೆ ನಿಂತುಬಿಡುತ್ತವೆ, ಹಾಗಾಗಿ ಗುಡ್ಡದ ಮೇಲೇ ಮೇಯಿಸಿಕೊಂಡಿದ್ದೇನೆ ಎಂದರು. ನಿದ್ದೆ? ಕುರಿ ಕಾಯುವವನು ಯಾವತ್ತು ಪೂರ್ತಿ ನಿದ್ದೆ ಮಾಡಿದ್ದಾನೆ ಎಂದು ಅವರೇ ನನ್ನನ್ನು ಕೇಳಿದರು. ಅದೂ ನಿಜವೇ. ತೋಳದ ಊರು ಅದು. ನಾನು ನಿದ್ದೆಯ ಸಾಲಿನಲ್ಲಿ 'ವೃತ್ತಿಯ ಕಾರಣ' ಎಂದು ಬರೆದು ಸೊನ್ನೆ ಹಾಕಿದೆ. ಉಳಿದ ಸಾಲುಗಳಲ್ಲೂ ಸೊನ್ನೆಯೇ ಬಂತು. ಒಂದೆರಡು ಕಡೆ ಒಂದು. ಕುರಿಗಳ ಕುರಿತು ಅವರು ಹೇಳಿದ ಯಾವುದನ್ನೂ ಬರೆದುಕೊಳ್ಳಲಿಲ್ಲ; ಅಧ್ಯಯನ ಕುರಿಗಳದ್ದಾಗಿರಲಿಲ್ಲ. ಹೋಲಿಕೆಗೆ ಬೇಕಾದ ಆರೋಗ್ಯವಂತರು ಸಿಗುವುದು ಆ ತಿಂಗಳು ಕಡಿಮೆಯಾಗಿತ್ತು. ಇಷ್ಟು ಸ್ಪಷ್ಟವಾಗಿ ಚೇತರಿಸಿಕೊಂಡ ಮನುಷ್ಯ ಸಿಕ್ಕಿದ್ದಕ್ಕೆ ಮನಸ್ಸಿನಲ್ಲೇ ಸಮಾಧಾನಪಟ್ಟುಕೊಂಡೆ.

ಹೊರಡುವಾಗ ಬೀರಪ್ಪ ನನ್ನೊಡನೆ ಬೇಲಿಯವರೆಗೆ ಬಂದರು. ತಮ್ಮನಿಗೆ ಏನೋ ಆಗಿದೆ ಎಂದು ಲಕ್ಕವ್ವ ಹೇಳುತ್ತಾಳೆ, ತನಗೆ ತಿಳಿಯುತ್ತಿಲ್ಲ ಎಂದರು. ಉಣ್ಣುತ್ತಾನೆ, ತಿರುಗುತ್ತಾನೆ, ಎಲ್ಲ ಸರಿ ಇದ್ದಾನೆ, ಆದರೆ ಕುರಿಯನ್ನು ಕೆಳಗೆ ಇಳಿಸು ಅಂದರೆ ಮಾತ್ರ ಏನಾದರೊಂದು ನೆವ ತೆಗೆಯುತ್ತಾನೆ. ಗುಡ್ಡದಲ್ಲಿ ಮೇವು ಮುಗಿದಿದೆ, ಈದ ಕುರಿಗಳಿಗೆ ಹಾಲಿಲ್ಲ, ಮರಿ ಸಾಯುತ್ತಿವೆ. ಕೆಳಗೆ ಕಬ್ಬು ಕಡಿದ ಹೊಲಗಳಲ್ಲಿ ಹಸಿ ಸೋಗೆ ಬಿದ್ದು ಹಾಳಾಗುತ್ತಿದೆ. "ಮಷೀನ ಖರೇ ಹೇಳತೈತೇನ್ರಿ ಮೇಡಮ್ಮಾರ?" ಎಂದು ಕೇಳಿದರು.

ಯಂತ್ರ ಸುಳ್ಳು ಹೇಳುವುದಿಲ್ಲ ಎಂದೆ. ಬಸ್ಸಿನ ಹೊತ್ತಾಗಿತ್ತು. ಅವರು ಯಾಕೆ ಕೇಳುತ್ತಿದ್ದಾರೆಂದು ವಿಚಾರಿಸಲಿಲ್ಲ.

ಆ ಭಾನುವಾರ ಮಾಳಪ್ಪನ ಜೊತೆ ಲಕ್ಕವ್ವನೂ ಜೀಪಿನಲ್ಲಿ ಬಂದಳು. ಯಂತ್ರದೊಳಗೆ ಮಲಗಿದವರಿಗೆ ಕಿವಿಗೆ ಹಾಕಿದ ಸಾಧನದಲ್ಲಿ ನೀರಿನ ಸದ್ದು, ಹಕ್ಕಿಯ ಸದ್ದು, ನಡುನಡುವೆ ಹಾರ್ನು, ಬ್ರೇಕು, ಲಾರಿಯ ಸದ್ದು ಕೇಳಿಸುತ್ತಿದ್ದೆವು. ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆದಿರುತ್ತಿದ್ದೆವು, ಬೇಡವೆನಿಸಿದರೆ ಒತ್ತಲು ಕೈಗೆ ಗಂಟೆಯ ಗುಂಡಿ ಕೊಡುತ್ತಿದ್ದೆವು. ಬಹಳ ಜನ ಹಾರ್ನಿಗೆ ತಲೆ ಅಲ್ಲಾಡಿಸಿ ಚಿತ್ರ ಕೆಡಿಸುತ್ತಿದ್ದರು. ಮಾಳಪ್ಪ ಐವತ್ತು ನಿಮಿಷ ಕೂದಲೆಳೆಯಷ್ಟೂ ಕದಲಲಿಲ್ಲ. ಇಷ್ಟು ಸ್ವಚ್ಛ ಚಿತ್ರ ಈ ಹಂಗಾಮಿನಲ್ಲೇ ಬಂದಿಲ್ಲ ಎಂದು ತಂತ್ರಜ್ಞರು ಖುಷಿಪಟ್ಟರು. ಬೆರಳಿಗೆ ಹಾಕಿದ ಕ್ಲಿಪ್ಪು ನಾಡಿಯನ್ನು ನೂರಹತ್ತರ ಮೇಲೆ ತೋರಿಸುತ್ತಿತ್ತು. ಮೊದಲ ಸಲ ಮಲಗುವವರಿಗೆ ಹಾಗಾಗುತ್ತದೆ ಎಂದು ನಾನೇ ಅಂದುಕೊಂಡೆ.

ಅಧ್ಯಯನದ ನಿಯಮದಂತೆ ಎಲ್ಲರ ಮಿದುಳಿನ ಚಿತ್ರವನ್ನೂ ಒಬ್ಬ ತಜ್ಞರು ನೋಡಿ, ಗಡ್ಡೆ, ಹಳೆಯ ರಕ್ತಸ್ರಾವ ಇತ್ಯಾದಿ ಇದ್ದರೆ ತಿಳಿಸಬೇಕಿತ್ತು. ಏನೂ ಇಲ್ಲದವರಿಗೆ ಒಂದು ಪತ್ರ ಹೋಗುತ್ತಿತ್ತು. ಅದರ ಕನ್ನಡ ನಾನೇ ಬರೆದದ್ದು. ಎರಡು ವಾಕ್ಯ: "ನಿಮ್ಮ ಮಿದುಳಿನ ಚಿತ್ರದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಆರೋಗ್ಯವಂತರ ಗುಂಪಿನಲ್ಲಿ ಭಾಗವಹಿಸಿದ್ದಕ್ಕೆ ಧನ್ಯವಾದಗಳು." ಹಳ್ಳಿಯ ಜನ ಓದಿದರೆ ಗಾಬರಿಯಾಗಬಾರದು, ಸಂದೇಹ ಉಳಿಯಬಾರದು ಎಂದು ಒಂದು ಮಧ್ಯಾಹ್ನ ಪೂರ್ತಿ ಕೂತು ತಿದ್ದಿದ್ದೆ. ಮೇಡಂ ಓದಿ, ಬಹಳ ಸರಳವಾಗಿದೆ ಎಂದು ಮೆಚ್ಚಿದ್ದರು.

ಪತ್ರ ಹೋಗಿ ಎಂಟು ದಿನವಾಗಿರಬೇಕು. ಬೆಳಿಗ್ಗೆ ಏಳಕ್ಕೆ ಶಾಂತಕ್ಕ ಕೆಳಗಿನಿಂದ ಕೂಗಿದರು. ಹೋಗಿ ನೋಡಿದರೆ ಲಕ್ಕವ್ವ ಮಗ್ಗದ ಮನೆಯ ಹೊಸ್ತಿಲ ಹೊರಗೆ ಕುಳಿತಿದ್ದಳು. ಹಿಂದಿನ ಸಂಜೆಯೇ ಜಮಖಂಡಿಗೆ ಬಂದು, ಸಂಬಂಧಿಕರಲ್ಲಿ ಉಳಿದು, ಮೊದಲ ಬಸ್ಸಿಗೆ ಬಂದಿದ್ದಳಂತೆ. ಶಾಂತಕ್ಕ ಕೊಟ್ಟ ಚಹಾ ಕುಡಿದಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತು, ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿದ ನನ್ನ ಪತ್ರವನ್ನು ಕೈಗೆ ಕೊಟ್ಟಳು.

ಆ ಕಾಗದವನ್ನು ಬೀರಪ್ಪ ಮೂರು ಕಡೆ ಓದಿಸಿದ್ದರು: ಸಾಲಿ ಮಾಸ್ತರರ ಹತ್ತಿರ ಒಮ್ಮೆ, ಪಂಚಾಯಿತಿ ಕಚೇರಿಯಲ್ಲಿ ಒಮ್ಮೆ, ಹಿರಿಯರ ಮುಂದೆ ಒಮ್ಮೆ. ಅವರು ಮೊದಲೇ ಒಂದು ತೀರ್ಮಾನ ಮಾಡಿಟ್ಟಿದ್ದರಂತೆ. ಯಂತ್ರ ತಲೆಯಲ್ಲಿ ಏನಾದರೂ ಇದೆ ಎಂದರೆ ಮಾಳಪ್ಪ ರೋಗಿ. ಯಾರೂ ಒಂದು ಮಾತು ಆಡಬಾರದು. ಏನೂ ಇಲ್ಲ ಎಂದರೆ ಅವನು ಮಂದೆಯನ್ನು ದಾಟಿಸಬೇಕು. ದಾಟಿಸದಿದ್ದರೆ ಅವನ ಪಾಲಿನ ಕುರಿ ಲಕ್ಕವ್ವನ ಅಣ್ಣಂದಿರ ಹಟ್ಟಿಗೆ ಹೋಗುತ್ತದೆ, ಅವನು ಕಬ್ಬು ಕಡಿಯುವ ಗ್ಯಾಂಗಿಗೆ ಸೇರಬೇಕು. ಗ್ಯಾಂಗಿನವರು ಹೊಲದಿಂದ ಹೊಲಕ್ಕೆ ಹೋಗುವುದು ಆ ಟ್ರೇಲರುಗಳ ಮೇಲೆ ಕೂತೇ. ಮೂರು ದಿನದಿಂದ ಬೆಳಿಗ್ಗೆ ಕುರಿಯನ್ನು ರಸ್ತೆಯವರೆಗೆ ಇಳಿಸುತ್ತಾರೆ, ಸಂಜೆ ವಾಪಸು ಹತ್ತಿಸುತ್ತಾರೆ. ಇವತ್ತು ಕಡೇ ದಿನ.

ನಾನು ಪ್ರಶ್ನೆಗಳನ್ನೆಲ್ಲ ಕೇಳಿದ್ದೆನಲ್ಲ, ಅವರು ಅಂಜಿಕೆ ಇಲ್ಲವೆಂದೇ ಹೇಳಿದರು ಎಂದೆ.

ಲಕ್ಕವ್ವ ನನ್ನನ್ನೇ ನೋಡಿದಳು. "ಕುರಿ ಅಂಜತಾವು ಅಂತ ಹೇಳಿದ್ರಲ್ಲರಿ ಅಕ್ಕಾರ. ಅದನ್ನ ನೀವು ಬರಕೊಳ್ಳಲಿಲ್ಲೇನು?"

ಶಾಂತಕ್ಕ ಕೈ ಎತ್ತಿ ಮಗ್ಗ ನಿಲ್ಲಿಸಿದರು. ನಾನು ಮೇಲೆ ಹೋಗಿ ಚೀಲ ತಂದೆ.

ಬೀಳಗಿಯವರೆಗೆ ಬಸ್ಸು, ಅಲ್ಲಿಂದ ಟೆಂಪೊ. ದಾರಿಯಲ್ಲಿ ಲಕ್ಕವ್ವ ಒಂದೆರಡು ಸಂಗತಿ ಹೇಳಿದಳು. ಗಂಡ ರಾತ್ರಿ ಎದ್ದು ಹಟ್ಟಿಯಲ್ಲಿ ಒಂದೊಂದೇ ಕುರಿಯ ಕಾಲು ಮುಟ್ಟಿ ನೋಡುತ್ತಾರೆ, ಹಬ್ಬದ ಡೊಳ್ಳಿನ ಸದ್ದಿಗೂ ಹೊರಗೆ ಬರುವುದಿಲ್ಲ ಎಂದಳು. ಇಷ್ಟನ್ನು ನಾನು ಮನೆಗೆ ಬಂದ ದಿನವೇ ಹೇಳಬೇಕೆಂದಿದ್ದಳು. ಭಾವನವರು ಎದುರಿಗಿದ್ದಾಗ ಗಂಡನ ವಿಷಯ ಹೇಗೆ ಹೇಳುವುದು? ಅವಳನ್ನು ಬೇರೆ ಕೂರಿಸಿಕೊಂಡು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಮಂದೆ ರಸ್ತೆಯ ಬದಿಯ ಇಳಿಜಾರಿನಲ್ಲಿ ನಿಂತಿತ್ತು. ನೂರಿಪ್ಪತ್ತು, ನೂರಮೂವತ್ತು ಕುರಿ. ಆಚೆ, ಕಬ್ಬು ಕಡಿದ ಹೊಲದ ಬದುವಿನ ಮೇಲೆ ಬೀರಪ್ಪ ಟಗರಿನ ಹಗ್ಗ ಹಿಡಿದಂತೆ ಎರಡೂ ಕೈ ಮುಂದೆ ಕಟ್ಟಿ ಕೂತಿದ್ದರು. ಮಾಳಪ್ಪ ಮಂದೆಯ ಹಿಂದೆ, ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ನಿಂತಿದ್ದರು. ಮುಂದೆ, ರಸ್ತೆಯ ಅಂಚಿಗೆ, ಯಾರೂ ಇರಲಿಲ್ಲ. ಲಕ್ಕವ್ವ ನನ್ನನ್ನು ಬಿಟ್ಟು ಹೋಗಿ ಆ ಜಾಗದಲ್ಲಿ ನಿಂತಳು. ಅವಳ ತಂದೆ ನಿಲ್ಲುತ್ತಿದ್ದದ್ದು ಅಲ್ಲಿಯೇ ಎಂದು ಯಾರೂ ಹೇಳದೆಯೂ ತಿಳಿಯಿತು.

ನಾನು ಒಂದು ತಾಸು ನೋಡಿದೆ. ಲಾರಿ ಹೋಗುತ್ತಿದ್ದವು, ಬಸ್ಸು ಹೋಗುತ್ತಿದ್ದವು, ನಡುವೆ ಎರಡು ಮೂರು ನಿಮಿಷ ರಸ್ತೆ ಪೂರ್ತಿ ಖಾಲಿ ಇರುತ್ತಿತ್ತು. ಕುರಿ ಕದಲುತ್ತಿರಲಿಲ್ಲ. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಅಂಜಿದ ಪ್ರಾಣಿ ತಾನು ಅಂಜಿದ್ದರ ಕಡೆ ನೋಡುತ್ತದೆ. ಇವು ರಸ್ತೆಯ ಕಡೆ ನೋಡುತ್ತಿರಲಿಲ್ಲ. ಲಾರಿ ಹಾರ್ನು ಹಾಕಿದರೂ ಕಿವಿಯಷ್ಟೇ ಆಡಿಸುತ್ತಿದ್ದವು. ರಸ್ತೆ ಖಾಲಿಯಾದಾಗಲೆಲ್ಲ ಮುಂದಿನ ಸಾಲಿನ ಹತ್ತಿಪ್ಪತ್ತು ಕುರಿ ಕತ್ತು ತಿರುಗಿಸಿ ಹಿಂದೆ, ಮಾಳಪ್ಪನ ಕಡೆ ನೋಡುತ್ತಿದ್ದವು. ಆಗ ಮಾಳಪ್ಪ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡು, ತುಟಿ ಕೂಡಿಸಿ, ಹಾಗೇ ನಿಲ್ಲುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಲಾರಿ ಬರುತ್ತಿತ್ತು.

ನಾನು ಹೋಗಿ ಅವರ ಪಕ್ಕದ ಕಲ್ಲಿನ ಮೇಲೆ ಕೂತೆ. ಚೀಲ ತೆರೆಯಲಿಲ್ಲ. ಕುರಿ ಯಾಕೆ ದಾಟುತ್ತಿಲ್ಲ ಎಂದು ಕೇಳಿದೆ.

"ದಾಟತಾವರಿ," ಎಂದರು. "ಹೇಳಿದ್ರ ದಾಟತಾವು."

ಹೇಳುವುದು ಹೇಗೆ ಎಂದೆ. ಆ ದಿನ ಅವರು ಅತಿ ದೀರ್ಘವಾಗಿ ಮಾತಾಡಿದ್ದು ಇದಕ್ಕೆ ಉತ್ತರ ಕೊಡುವಾಗ. ಮುಂದಿನವನು ಕುರಿಗಳ ಜೊತೆ ತಗ್ಗಿನಲ್ಲಿರುವುದರಿಂದ ಅವನಿಗೆ ರಸ್ತೆಯ ಎರಡೂ ಕಡೆ ಕಾಣುವುದಿಲ್ಲ, ಹಿಂದಿನವನು ದಿಬ್ಬದ ಮೇಲಿರುತ್ತಾನೆ, ಅವನಿಗೆ ಕಾಣುತ್ತದೆ. ಖಾಲಿ ಇದೆ ಎಂದು ಕಂಡಾಗ ಹಿಂದಿನವನು ಸಿಳ್ಳೆ ಹಾಕಬೇಕು. ಸಿಳ್ಳೆ ಕೇಳಿದ ಮೇಲೆ ಮುಂದಿನವನು ರಸ್ತೆಗೆ ಕಾಲಿಡುತ್ತಾನೆ, ಟಗರು ಅವನ ಹಿಂದೆ ಇಳಿಯುತ್ತದೆ, ಉಳಿದವು ಟಗರಿನ ಹಿಂದೆ. ಸಿಳ್ಳೆ ಇಲ್ಲದೆ ಕುರಿಯನ್ನು ಹೊಡೆದರೂ ಇಳಿಯುವುದಿಲ್ಲ. ಹಾಗೆ ಕಲಿಸಿರುತ್ತಾರೆ, ಹಾಗೆ ಕಲಿಸಿದ್ದರಿಂದಲೇ ಉಳಿಯುತ್ತವೆ.

ಹೇಳುತ್ತ ಹೇಳುತ್ತ ಅವರು ಕೋಲನ್ನು ಹೆಗಲಿನಿಂದ ಇಳಿಸಿ ನೆಲಕ್ಕೆ ಊರಿದರು.

"ಅವತ್ತ ಸಿಳ್ಳಿ ಹೊಡದಾಂವ ನಾನರಿ. ಖಾಲಿ ಐತಿ ಅಂತ ಹೊಡದೆ. ಟ್ರ್ಯಾಕ್ಟರ ನಿಂತದ್ದು ಕಂಡಿತ್ತು, ಅದರ ಹಿಂದ ಲಾರಿ ಇದ್ದದ್ದು ಕಾಣಲಿಲ್ಲ. ಮಾವ ನನ್ನ ಸಿಳ್ಳಿ ಕೇಳೇ ಇಳದ."

ಕೋಲಿನ ತುದಿ ನೋಡುತ್ತ, "ಈಗ ಬಾಯಾಗ ಗಾಳಿನ ಬರೂದಿಲ್ಲರಿ," ಎಂದರು. ಆಮೇಲೆ ಗಂಡನಾದವನಿಗೆ ಹೆಂಡತಿಗೆ ಇಂಥದ್ದನ್ನು ಹೇಳಲು ಬರುತ್ತದೆಯೇ ಎಂದು ಕೇಳಿದರು. ರಸ್ತೆಯ ಅಂಚಿನಲ್ಲಿ ಲಕ್ಕವ್ವ ನಮಗೆ ಬೆನ್ನು ಮಾಡಿ ನಿಂತಿದ್ದಳು.

ಕುರಿಗಳು ಅಂಜುತ್ತವೆ ಎಂದಾಗ ಅವರು ಮುಚ್ಚಿಡುತ್ತಿರಲಿಲ್ಲ ಎಂದು ಆಗ ಅನ್ನಿಸಿತು. ಕೇಳುವ ಮನಸ್ಸಿದ್ದವರಿಗೆ ಕೇಳುವಂತೆ, ಎದುರಿಗೆ ಅಣ್ಣ ಕೂತಿರುವಾಗ ಹೇಳಬಹುದಾದಷ್ಟನ್ನೂ ಹೇಳಿದ್ದರು. ನಾನು ಇಪ್ಪತ್ತು ಸಾಲಿನ ಕಾಗದ ನೋಡುತ್ತ ಕೂತಿದ್ದೆ.

ರಸ್ತೆ ದಾಟಿ ಬೀರಪ್ಪನ ಹತ್ತಿರ ಹೋದೆ. ಕಡಿದ ಕಬ್ಬಿನ ಕೂಳೆ ಚಪ್ಪಲಿಯ ಅಂಚಿಗೆ ಚುಚ್ಚುತ್ತಿತ್ತು. ಅವರು ಎದ್ದು ನಿಂತು, ತಮ್ಮ ರುಮಾಲನ್ನು ಬದುವಿನ ಮೇಲೆ ಹಾಸಿ ಕೂರಲು ಹೇಳಿದರು. ಸಿಟ್ಟಿನ ಮನುಷ್ಯರಲ್ಲ. ಕಣ್ಣು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು. ಮೂರು ದಿನದಿಂದ ಅವರೂ ಆ ಬದುವಿನ ಮೇಲೆಯೇ ಇದ್ದರು.

ಆ ಕಾಗದ ಬರೆದವಳು ನಾನು, ಅದರಲ್ಲಿ ತಪ್ಪಿದೆ ಎಂದೆ. ಪೆಟ್ಟು, ಗಡ್ಡೆ, ರಕ್ತ ಇದ್ದರೆ ಆ ಚಿತ್ರದಲ್ಲಿ ಕಾಣುತ್ತದೆ. ನಿಮ್ಮ ತಮ್ಮನಿಗೆ ಆಗಿರುವುದು ಒಬ್ಬರ ಚಿತ್ರ ನೋಡಿ ಹೇಳುವಂಥದ್ದಲ್ಲ ಎಂದೆ.

"ಮತ್ತ ತಗದದ್ದ ಯಾಕರಿ?"

ನ್ಯಾಯವಾದ ಪ್ರಶ್ನೆ. ನನಗೆ ಗೊತ್ತಿದ್ದ ಉತ್ತರವೆಲ್ಲ ಇಂಗ್ಲಿಷಿನಲ್ಲಿತ್ತು. ಅದನ್ನು ಬಿಟ್ಟು, ಹೀಗಾದವರು ಮೂವತ್ತು ಜನ, ಹೀಗಾಗದವರು ಮೂವತ್ತು ಜನ, ಎಲ್ಲರ ಚಿತ್ರಗಳನ್ನೂ ಕೂಡಿಸಿ ಅಕ್ಕಪಕ್ಕ ಇಟ್ಟರೆ ಒಂದಿಷ್ಟು ಫರಕು ಕಾಣಬಹುದು, ಅದಕ್ಕಾಗಿ ತೆಗೆದದ್ದು. ಒಬ್ಬರದನ್ನೇ ಹಿಡಿದು ನೋಡಿದರೆ ಆ ಫರಕು ಕಾಣುವುದಿಲ್ಲ ಎಂದೆ. ಅವರು ಬಹಳ ಹೊತ್ತು ಆಚೆಯ ಮಂದೆಯನ್ನು ನೋಡಿದರು. ಮಂದೆಗೆ ರೋಗ ಬಂದರೆ ತಾವೂ ದೂರ ನಿಂತೇ ನೋಡುವುದು, ನಡಿಗೆಯಲ್ಲಿ ತಿಳಿಯುತ್ತದೆ, ಒಂದು ಕುರಿ ಹಿಡಿದು ಬಾಯಿ ತೆಗೆದು ನೋಡಿದರೆ ಆರಂಭದಲ್ಲಿ ಏನೂ ತಿಳಿಯುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಂವಗ ಏನರೆ ಆಗೇತಿ ಅಂತ ನೀವು ಹೇಳತೀರೇನು?"

"ಹೇಳತೀನಿ."

"ಎದರ ಮ್ಯಾಲಿಂದ?"

"ಅವರ ಬಾಯಿಂದ ಕೇಳೀನಿ. ಏನು ಅಂತ ಅವರ ಹೇಳಬೇಕು, ನಾ ಹೇಳಾಕ ಬರೂದಿಲ್ಲ."

ಈ ಮಾತು ಸಾಕಾಗದೆ ಹೋಗಬಹುದಿತ್ತು. ಮೂರು ಕಡೆ ಓದಿಸಿದ ಮುದ್ರೆಯ ಕಾಗದದ ಎದುರು ಇಪ್ಪತ್ತನಾಲ್ಕು ವರ್ಷದ ಒಬ್ಬ ಹುಡುಗಿಯ ಬಾಯಿಮಾತು ಅದು. ಬೀರಪ್ಪ ರುಮಾಲನ್ನು ಎತ್ತಿ ಕೊಡವಿ ತಲೆಗೆ ಸುತ್ತಿಕೊಂಡರು. ಆಮೇಲೆ ರಸ್ತೆಯ ಅಂಚಿಗೆ ನಡೆದು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು:

"ಲೇ ಮಾಳ್ಯಾ! ಕುರಿ ಹೊಳ್ಳಸ."

ಮಾಳಪ್ಪ ಕೂಡಲೇ ಹೊರಳಿಸಲಿಲ್ಲ. ಎರಡನೆಯ ಸಲ ಕೂಗಿದ ಮೇಲೆ ಕೋಲು ಎತ್ತಿದರು. ಮಂದೆ ಗುಡ್ಡದ ಕಡೆಗೆ ತಿರುಗಿತು. ಕುರಿಗಾಗಿ ಕಾದಿರುವ ಹೊಲದವನಿಗೆ ತಾನು ಹೇಳುತ್ತೇನೆ, ತಮ್ಮ ಬರುವುದಿಲ್ಲ ಎಂದು ಗ್ಯಾಂಗಿನ ಮುಖಂಡನಿಗೂ ಹೇಳುತ್ತೇನೆ, ಇನ್ನೊಂದು ನಾಲ್ಕು ಮರಿ ಹೋಗುತ್ತವೆ, ಹೋಗಲಿ ಎಂದು ಬೀರಪ್ಪ ನನಗೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ದೊಡ್ಡತನವೇನೂ ಇರಲಿಲ್ಲ. ಮರಿಗಳ ನಷ್ಟ ನೋವಾಗಿಯೇ ಕಾಣುತ್ತಿತ್ತು.

ಟೆಂಪೊಗೆ ಕಾಯುವಾಗ ಲಕ್ಕವ್ವ ಬಂದು ಪಕ್ಕದಲ್ಲಿ ನಿಂತಳು. ಸಿಳ್ಳೆಯ ಸಂಗತಿ ಹೇಳಿದರೇ ಎಂದು ಕೇಳಿದಳು. ನಾನು ಟೆಂಪೊ ಬರುವ ಕಡೆ ನೋಡಿದೆ. "ನನಗ ಮೊದಲ ದಿವಸಿಂದ ಗೊತ್ತೈತ್ರಿ," ಎಂದಳು. "ನಮ್ಮಪ್ಪ ಸಿಳ್ಳಿ ಕೇಳದ ಕಾಲ ಎತ್ತಾಂವ ಅಲ್ಲ. ಅವ್ರಾಗೇ ಹೇಳಲಿ ಅಂತ ಕಾಯಾಕತ್ತೇನಿ." ದನಿಯಲ್ಲಿ ಸಿಟ್ಟು ಇತ್ತೋ ಕರುಣೆ ಇತ್ತೋ ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಎರಡೂ ಇದ್ದಿರಬೇಕು. ಮುಂದೆ ಏಳೆಂಟು ತಿಂಗಳು ಮಾಳಪ್ಪ ಮೇಡಂ ಹತ್ತಿರ ಬಂದುಹೋದರು. ಗುಣವಾಯಿತು ಎಂದು ನಾನು ಬರೆಯಲಾರೆ. ಮರುವರ್ಷ ಮಂದೆ ಹೆದ್ದಾರಿ ದಾಟಿತು, ಬೀರಪ್ಪ ಹಿಂದೆ ನಿಂತಿದ್ದರು, ಕುರಿಗಳು ಅವರ ಸಿಳ್ಳೆ ಕಲಿಯಲು ಹದಿನೈದು ದಿನ ಹಿಡಿಯಿತು ಎಂದಷ್ಟೇ ನನಗೆ ಗೊತ್ತು.

ಅವತ್ತು ಜಮಖಂಡಿಯ ಬಸ್‌ಸ್ಟ್ಯಾಂಡಿನಿಂದ ಮೇಡಂಗೆ ಫೋನ್ ಮಾಡಿದೆ. ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಾನು ಅಂದಿದ್ದನ್ನೂ ಬಿಡಲಿಲ್ಲ. ಅವರು ಗದರಲಿಲ್ಲ. ಮಾಳಪ್ಪನವರ ಸಾಲನ್ನು ಅಧ್ಯಯನದಿಂದ ತೆಗೆ, ಕಾರಣ ಬರೆ ಎಂದರು. ಆಮೇಲೆ, ಆರೋಗ್ಯವಂತರು ಎಂದು ನಾನು ಬರೆದವರು ಒಟ್ಟು ಎಷ್ಟು ಜನ ಎಂದು ಕೇಳಿದರು. ಹನ್ನೊಂದು. ಎಲ್ಲರಿಗೂ ಆ ಪತ್ರ ಹೋಗಿದೆಯೇ? ಹೋಗಿದೆ ಎಂದೆ. ಫೋನ್ ಇಟ್ಟ ಮೇಲೆ ಚೀಲದಿಂದ ಆ ಹನ್ನೊಂದು ಹೆಸರುಗಳ ಪಟ್ಟಿ ತೆಗೆದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುನ್ನೂರಿಗೆ ಹೋದೆ. ಪಟ್ಟಿಯ ಮೊದಲ ಹೆಸರು ಅಲ್ಲಿನ ಒಬ್ಬ ರೈತರದು. ಎರಡು ವರ್ಷದ ಹಿಂದೆ ಅವರ ಎತ್ತಿನ ಚಕ್ಕಡಿಗೆ ಹಿಂದಿನಿಂದ ಕಾರು ಗುದ್ದಿತ್ತು. ಅವರು ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ನನ್ನನ್ನು ಕಂಡು ನಕ್ಕು, ಆರಾಮ ಇದ್ದೇನೆ ಎಂದು ನೀವೇ ಬರೆದು ಕಳಿಸಿದ್ದೀರಲ್ಲ, ಮತ್ತೇಕೆ ಬಂದಿರಿ ಎಂದರು. ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ನಾನು ಚೀಲವನ್ನು ಕಟ್ಟೆಯ ಕೆಳಗಿಟ್ಟು, ಎತ್ತುಗಳು ಈಗ ಡಾಂಬರು ರಸ್ತೆಗೆ ಬರುತ್ತವೆಯೇ ಎಂದು ಇಬ್ಬರನ್ನೂ ಕೇಳಿದೆ.